ವಿಕೃತಿಯೋ, ಅಪಭ್ರಂಶವೋ?

'ವಿಕೃತಿ' ಎಂದರೆ ಮೂಲರೂಪ ಕೆಡುವುದು. ಮುಖ ವಿಕಾರವಾಯಿತು, ಮಾತನ್ನು ತಿರುಚಿದರು, ಇತಿಹಾಸವನ್ನು ವಿರೂಪಗೊಳಿಸಿದರು ಎಂಬ ದಿನನಿತ್ಯದ ಬಳಕೆಗಳಲ್ಲೆಲ್ಲ ಆಕ್ಷೇಪದ ದನಿಯಿದೆ. ಆದರೆ ಶಬ್ದದ ರೂಪ ಬದಲಾದ ಮಾತ್ರಕ್ಕೆ ಅದನ್ನು ವಿಕೃತಿ ಎನ್ನಲಾಗದು.

ಯಾದಗಿರಿ, ಶಹಾಪುರ, ಸುರಪುರಗಳು ಆಡುಮಾತಿನಲ್ಲಿ ಯಾದಗೀರ, ಶಹಾಪೂರ, ಸುರಪೂರಗಳಾಗಿವೆ. ಇವು 'ಕೆಟ್ಟ' ರೂಪಗಳೆಂದು ಮೂಗು ಮುರಿಯುವವರಿದ್ದಾರೆ. 13ನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜನ ದೃಷ್ಟಿ ಹಾಗಿರಲಿಲ್ಲ. ಸಂಸ್ಕೃತ ಶಬ್ದಗಳು ಕನ್ನಡದಲ್ಲಿ ತದ್ಭವವಾಗುವ ಬಗೆಯನ್ನು ನಿಯಮಬದ್ಧವಾಗಿ ವಿವರಿಸಲು ಅವನು 'ಶಬ್ದಮಣಿದರ್ಪಣ'ದಲ್ಲಿ ಅಪಭ್ರಂಶ ಪ್ರಕರಣವನ್ನೇ ಮೀಸಲಿಟ್ಟನು. ಅದಕ್ಕೂ ಮುನ್ನ, 10ನೆಯ ಶತಮಾನದಲ್ಲಿ, ಈ ಸೀಮೆಗೆ ನೆರೆಯ ಮಳಖೇಡದಲ್ಲಿ ಪುಷ್ಪದಂತನು 'ಮಹಾಪುರಾಣ'ವನ್ನು ರಚಿಸಿದ್ದು ಅಪಭ್ರಂಶ ಭಾಷೆಯಲ್ಲಿ. 'ಜಾರಿಬಿದ್ದುದು' ಎಂಬ ಅರ್ಥದ ಹೆಸರು ಹೊತ್ತ ನುಡಿಯೇ ಮಹಾಕಾವ್ಯದ ನುಡಿಯಾಯಿತು.

ಮೆಡೋಸ್ ಟೇಲರ್ ಸುರಪುರವನ್ನು 'ಶೋರಾಪುರ'ವೆಂದು ಬರೆದುದು ಪರಕೀಯ ಕಿವಿಗೆ ಕೇಳಿಸಿದ ರೂಪ. ಅದೂ ಚರಿತ್ರೆಯ ಸಾಕ್ಷ್ಯವೇ. ಯಾದಗಿರಿಯನ್ನು 'ಯಾದವಗಿರಿ'ಯಿಂದ ಬಿಡಿಸುವುದು ಒಂದು ವ್ಯುತ್ಪತ್ತಿ. ಆದರೆ ಕ್ಷೇತ್ರಕಾರ್ಯದಲ್ಲಿ 'ಯಾದಗೀರ' ಎಂದು ಕೇಳಿದ ಸಂಶೋಧಕನು ಟಿಪ್ಪಣಿಯಲ್ಲಿ 'ಯಾದವಗಿರಿ' ಎಂದು ತಿದ್ದಿ ಬರೆದರೆ, ಜನರ ಉಚ್ಚಾರಣೆಯ ಸಾಕ್ಷ್ಯ ಅಳಿಯುತ್ತದೆ. ರೂಢಿಯಲ್ಲಿ ಸವೆದುದು ಅಪಭ್ರಂಶ. ತಿಳಿದೂ ತಿದ್ದಿದುದು ವಿಕೃತಿ.