ಆರಾಮ ಅಂದ್ರ ಯಾರ ಆರಾಮ?

ಅಕ್ಕಾರ, ವೈನ್ಯಾರ, ಓಣ್ಯಾಗಿನ ಕಾಕುಗಳ, ಈ ಸರತೆ ನಾ ಹಪ್ಪಳ-ಸಂಡಿಗಿ ಮಾತಾಡಂಗಿಲ್ಲ, ಒಂದು ವಾದಾ ಹೂಡಾಕಿ ಇದ್ದೇನಿ. ಒಪ್ಪದಿದ್ರ ಜಗಳಾಡ್ರಿ, ಆದ್ರ ಪೂರ್ತಿ ಓದಿ ಜಗಳಾಡ್ರಿ.

ಈಗ ನಮ್ಮ ಮಂದ್ಯಾಗ ಒಂದು ಹೊಸಾ ಹುಚ್ಚು ಸುರು ಆಗ್ಯದ. ಕಾಶಿ ಆತು, ಸಿಂಗಾಪುರ ಆತು, ಈಗ ಹಾಯಿ ಹಡಗಿನ ರಜಾ ಬೇಕು. ಅಮೆರಿಕಾದಾಗ ಇರೋ ಮಕ್ಕಳು ಅವ್ವಾ-ಅಪ್ಪಾನ್ನ ಕೆರಿಬಿಯನ್ ಸಮುದ್ರಕ್ಕ ಕರಕೊಂಡು ಹೋಗ್ತಾರ, ಇಲ್ಲಿದ್ದವರು ಮಾಲ್ಡೀವ್ಸ್, ಥೈಲ್ಯಾಂಡ್ ಅಂತಾರ. ಬೆಚ್ಚನ ನೀರು, ತೆಂಗಿನ ಗಿಡದ ನಡುಗಡ್ಡಿ, ಬಿಳೇ ಹಾಯಿ. ಜಾಹೀರಾತಿನ್ಯಾಗ ಎದ್ದು ಕಾಣೋ ಮಾತು ಒಂದ: ‘ಕ್ಯಾಜುವಲ್’. ಸೂಟು-ಬೂಟು ಬ್ಯಾಡ, ಊಟದ ಹೊತ್ತಿನ ನೇಮ ಬ್ಯಾಡ, ಚಪ್ಪಲ್ ಸುದ್ದಾ ಬ್ಯಾಡ, ಬರಿಗಾಲಿಲೆ ಬರ್ರಿ, ಆರಾಮ ಇರ್ರಿ.

ಹಡಗಿನ ಮ್ಯಾಲೆ ನನಗ ಸಿಟ್ಟಿಲ್ಲ. ನನ್ನ ಸಿಟ್ಟು ಈ ‘ಕ್ಯಾಜುವಲ್’ ಅನ್ನೋ ಶಬ್ದದ ಮ್ಯಾಲೆ. ಅದು ಅರ್ಧಾ ಸುಳ್ಳು. ಆ ಸುಳ್ಳು ಗಂಡಸರಿಗೆ ತಿಳೀದಿದ್ರ ಏನೋ ಅನಬಹುದು, ಆದ್ರ ನಲವತ್ತು ವರ್ಷ ಮನಿ ನಡಸಿದ ನಮ್ಮಂಥಾ ಹೆಂಗಸರಿಗೆ ತಿಳೀಬೇಕು.

ಹಬ್ಬದ ಸೂಟಿ ನೆನಸಿಕೊಳ್ರಿ. ಎಲ್ಲಾರೂ ಪಡಸಾಲ್ಯಾಗ ಕಾಲು ಚಾಚಿ ಕೂತು ‘ಏನೂ ಗಡಿಬಿಡಿ ಬ್ಯಾಡ, ಸಾದಾ ಅಡಗಿ ಸಾಕು, ಯಾರಿಗೆ ಯಾವಾಗ ಹಸಿವಿ ಆಗ್ತದ ಆವಾಗ ಉಂಡ್ರಾತು’ ಅಂತಾರ. ಕೇಳಲಿಕ್ಕೆ ಎಷ್ಟು ಛಲೋ ಅದ! ಆದ್ರ ಹನ್ನೊಂದಕ್ಕೊಬ್ಬ ಉಣ್ತಾನ, ಒಂದಕ್ಕ ನಾಲ್ಕು ಮಂದಿ ಉಣ್ತಾರ, ಮೂರಕ್ಕ ಇನ್ನೊಬ್ಬ ‘ಬಿಸಿ ಚಪಾತಿ ಅವ ಏನು?’ ಅಂತಾನ. ನಡುವ ಐದು ಸರತೆ ಚಾ. ಉಣ್ಣೋರಿಗೆ ಹೊತ್ತಿನ ನೇಮ ಇಲ್ಲಂದ್ರ ಬಡಿಸಾಕಿಗೆ ಬಿಡುವು ಇಲ್ಲ ಅಂತ ಅರ್ಥ. ಹನ್ನೆರಡೂವರಿಗೆ ಪಂಕ್ತಿ ಅಂತ ಶಿಸ್ತು ಇದ್ದಿದ್ರ ಆಕಿ ಎರಡಕ್ಕಾದ್ರೂ ಮುಸುರಿ ಮುಗಿಸಿ ಬೆನ್ನು ಚಾಚ್ತಿದ್ಲು. ಪಡಸಾಲಿ ಎಷ್ಟು ಸಡಲ ಆಗ್ತದ, ಅಡಗಿಮನಿ ಅಷ್ಟು ಬಿಗಿ ಆಗ್ತದ.

ಹಡಗೂ ಒಂದು ಮನಿನ. ಇಂಜಿನ್ ಹಡಗಿಗಿಂತ ಹಾಯಿ ಹಡಗಿಗೆ ಕೆಲಸಾ ಹೆಚ್ಚು. ಗಾಳಿ ದಿಕ್ಕು ತಿರುಗಿದಾಗೊಮ್ಮೆ ಹಾಯಿ ತಿರುಗಿಸಬೇಕು, ಹಗ್ಗಾ ಎಳೀಬೇಕು, ಗಾಳಿ ಜೋರಾದ್ರ ಹಾಯಿ ಇಳಿಸಬೇಕು. ರಾತ್ರಿ ನೀವು ಚುಕ್ಕಿ ನೋಡಕೋತ ಮಲಗಿದಾಗ ಒಬ್ಬಾಂವ ಚುಕ್ಕಾಣಿ ಹಿಡದು ನಿಂತಿರ್ತಾನ, ಇನ್ನೊಬ್ಬಾಂವ ಸಮುದ್ರ ನೋಡಕೋತ ಪಾಳಿ ಕಾಯ್ತಿರ್ತಾನ. ವಾಲಾಡೋ ಹಡಗಿನ ಹೊಟ್ಟಿಯೊಳಗ, ಆ ಧಗಿಯೊಳಗ ಒಬ್ಬಾಂವ ನೂರು ಮಂದಿ ಅಡಗಿ ಮಾಡ್ತಿರ್ತಾನ. ಬರಿಗಾಲಿಲೆ ಅಡ್ಡಾಡೋರ ಕಾಲಿಗೆ ಏನೂ ಚುಚ್ಚಬಾರದು ಅಂದ್ರ ಆ ಕಟಗಿ ಡೆಕ್ ಮುಂಜಾನೆದ್ದು ತೊಳದು ತಿಕ್ಕೋ ಕೈ ಬೇಕಲ್ಲ? ನಿಮ್ಮ ಬರಿಗಾಲು ಸುಖಾಸುಮ್ನ ಬರಂಗಿಲ್ಲ.

ಇದು ಬರೇ ದುಡಿತದ ಮಾತಾದ್ರ ನಾ ಇಷ್ಟು ಬರೀತಿರಲಿಲ್ಲ. ಜೀವದ ಮಾತೂ ಅದ. ಫ್ಯಾಂಟೋಮ್ ಅನ್ನೋ ಹಡಗಿನ ಕಥಿ ಹೇಳ್ತೇನಿ.

1927ರಲ್ಲಿ ಇಟಲಿಯೊಳಗ ನೀರಿಗಿಳಿದ ನಾಲ್ಕು ಕಂಬದ ದೊಡ್ಡ ಹಾಯಿ ಹಡಗು ಅದು, 282 ಫೂಟ್ ಉದ್ದ. ಮೊದಲ ಇಂಗ್ಲೆಂಡಿನ ವೆಸ್ಟ್‌ಮಿನ್‌ಸ್ಟರ್ ಡ್ಯೂಕ್‌ನ ಮೋಜಿನ ಹಡಗಾಗಿತ್ತು. ಮುಂದ ವಿಂಡ್‌ಜ್ಯಾಮರ್ ಬೇರ್‌ಫೂಟ್ ಕ್ರೂಸಸ್ ಅನ್ನೋ ಫ್ಲಾರಿಡಾದ ಕಂಪನಿ ಕೈಗೆ ಬಂತು. ಬೇರ್‌ಫೂಟ್ ಅಂದ್ರ ಬರಿಗಾಲು. ‘ಕ್ಯಾಜುವಲ್’ ರಜಾ ಅನ್ನೋ ವಿಚಾರಾನ ಮಂದಿಗೆ ರೂಢಿ ಮಾಡಿಸಿದವರೊಳಗ ಇವರೂ ಒಬ್ಬರು. ಅರವಿ-ಅಂಚಡಿ ಚಿಂತಿ ಇಲ್ಲ, ಸಂಜೀಕ ರಮ್ ಪುಕ್ಕಟ, ಬೇಕಾದ್ರ ನೀವೂ ಹಾಯಿ ಎಳೀಲಿಕ್ಕೆ ಕೈ ಹಚ್ಚಬಹುದು. ಮಂದಿ ಮತ್ತ ಮತ್ತ ಬರ್ತಿದ್ರು, ಹಡಗಿನ ಹುಡುಗರನ್ನ ಹೆಸರು ಹಿಡದು ಕರೀತಿದ್ರು, ನಾವೆಲ್ಲಾ ಒಂದ ಮನ್ಯಾವರು ಅಂತಿದ್ರು.

1998ರ ಅಕ್ಟೋಬರ್‌ದಾಗ ಫ್ಯಾಂಟೋಮ್ ಹೊಂಡುರಾಸ್‌ದಿಂದ ಪ್ರವಾಸಿಗರನ್ನ ಹತ್ತಿಸಿಕೊಂಡು ಹೊಂಟಿತ್ತು. ಅದ ಹೊತ್ತಿಗೆ ಮಿಚ್ ಅನ್ನೋ ಚಂಡಮಾರುತ ಏಳಲಿಕ್ಕೆ ಹತ್ತಿತ್ತು. ಅಕ್ಟೋಬರ್ 26ಕ್ಕ ಅದು ಐದನೇ ದರ್ಜೆಗೆ ಏರಿತು, ಅದಕ್ಕಿಂತ ಮ್ಯಾಲಿನ ದರ್ಜೆನ ಇಲ್ಲ. ತಾಸಿಗೆ ಸುಮಾರು 285 ಕಿಲೋಮೀಟರ್ ಗಾಳಿ. ಕ್ಯಾಪ್ಟನ್ ಗಯಾನ್ ಮಾರ್ಚ್ ಹಡಗನ್ನ ಬೆಲೀಝ್ ಸಿಟಿಗೆ ತಿರುಗಿಸಿ ಪ್ರವಾಸಿಗರೆಲ್ಲಾರನ್ನೂ ಇಳಿಸಿದ, ಅವರ ಜೋಡಿ ಕೆಲವು ಸಿಬ್ಬಂದೀನೂ ಇಳಿಸಿದ. ಪ್ರವಾಸಿಗರು ವಿಮಾನ ಹತ್ತಿ ಪಾರಾದ್ರು. ಅದು ಸರೀನ ಆತು, ಅದಕ್ಕ ನಾ ಏನೂ ಅನ್ನಂಗಿಲ್ಲ.

ಉಳದ 31 ಮಂದಿ ಹಡಗಿನ ಜೋಡಿ ತಿರುಗಿ ಸಮುದ್ರಕ್ಕ ಹೋದ್ರು. ಆ ಬಂದರದಾಗ ಅಷ್ಟು ದೊಡ್ಡ ಹಡಗಿಗೆ ಆಸರಾ ಇರಲಿಲ್ಲ, ಚಂಡಮಾರುತದ ಹಾದಿ ತಪ್ಪಿಸಿ ಹೋಗೋಣ ಅನ್ನೋ ಲೆಕ್ಕಾ. ಮೊದಲ ಉತ್ತರಕ್ಕ ಹೊಂಟ್ರು, ಆಮ್ಯಾಲೆ ದಕ್ಷಿಣಕ್ಕ ತಿರುಗಿ ಹೊಂಡುರಾಸ್ ಹತ್ತರದ ರೊವಾಟಾನ್ ನಡುಗಡ್ಡಿ ಮರಿಗೆ ನಿಂದ್ರಲಿಕ್ಕೆ ನೋಡಿದ್ರು. ಮಿಚ್‌ನೂ ದಕ್ಷಿಣಕ್ಕ ತಿರುಗಿತು. ಅಕ್ಟೋಬರ್ 27ರ ಮಧ್ಯಾಹ್ನದ ಮ್ಯಾಲೆ ಸಂಪರ್ಕ ತಪ್ಪಿತು. ಆಮ್ಯಾಲೆ ಸಿಕ್ಕಿದ್ದು ಒಂದಷ್ಟು ಲೈಫ್ ಜಾಕೆಟ್, ಮುರಕಲ ಸಾಮಾನು. 31 ಮಂದ್ಯಾಗ ಒಬ್ಬನೂ ತಿರುಗಿ ಬರಲಿಲ್ಲ. ಹೆಚ್ಚಿನವರು ಕೆರಿಬಿಯನ್, ಮಧ್ಯ ಅಮೆರಿಕಾದ ಊರಿನ ಬಡವರ ಮನಿ ಮಕ್ಕಳು.

ತಪ್ಪು ಯಾರದು ಅಂತ ತೀರ್ಪು ಕೊಡಾಕಿ ನಾ ಅಲ್ಲ. ಕ್ಯಾಪ್ಟನ್‌ನೂ ಆ ಹಡಗಿನ ಜೋಡಿನ ಹೋದ. ಆದ್ರ ಒಂದು ಮಾತು ಮನಸ್ಸಿನ್ಯಾಗ ಇಟ್ಟುಕೊಳ್ರಿ. ‘ನಾವೆಲ್ಲಾ ಒಂದ ಮನ್ಯಾವರು’ ಅನ್ನೋದು ಬಿರುಗಾಳಿ ಬರೋತನಕ ಅಷ್ಟ. ಬಿರುಗಾಳಿ ಬಂದಾಗ ಯಾರು ಇಳೀತಾರ, ಯಾರು ಉಳೀತಾರ ಅನ್ನೋದು ಮೊದಲ ಗೊತ್ತಿರ್ತದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಹಂಗ.

ಈಗ ನೀವು ಜಗಳಾ ತಗೀತೀರಿ, ನನಗ ಗೊತ್ತದ. ‘ಅವರಿಗೆ ಪಗಾರ ಕೊಡ್ತಾರಲ್ಲ?’ ಕೊಡ್ತಾರ. ಆದ್ರ ಎಷ್ಟು ತಾಸಿಗೆ, ಯಾವ ಕಾಯ್ದೆ ಪ್ರಕಾರ? ಫ್ಯಾಂಟೋಮ್ ಹಾರಿಸಿದ್ದು ಫ್ಲಾರಿಡಾದ ಬಾವುಟ ಅಲ್ಲ, ಆಫ್ರಿಕಾದ ಇಕ್ವಟೋರಿಯಲ್ ಗಿನಿದು. ಹಡಗಿನ ಮ್ಯಾಲೆ ಯಾವ ದೇಶದ ಬಾವುಟ ಅದನೋ ಮುಖ್ಯವಾಗಿ ಆ ದೇಶದ ಕಾಯ್ದೆ ನಡೀತದ. ಅದಕ್ಕ ಎಷ್ಟೋ ಮಾಲಕರು ತಪಾಸಣಿ ಸಡಲ ಇರೋ ದೇಶ ಹುಡುಕಿ ನೋಂದಣಿ ಮಾಡಸ್ತಾರ. ಈಗ 2006ರ ಕಡಲ ಕಾರ್ಮಿಕರ ಒಪ್ಪಂದ ಅಂತ ಒಂದು ಅದ, 2013ರಲ್ಲಿ ಜಾರಿಗೆ ಬಂತು, ನಮ್ಮ ದೇಶಾನೂ ಒಪ್ಪೇದ. ಅದರ ಪ್ರಕಾರ ಹೆಚ್ಚಂದ್ರ ದಿನಕ್ಕ 14 ತಾಸು, ವಾರಕ್ಕ 72 ತಾಸು ದುಡಿಸಬಹುದು. ನೆನಪಿಡ್ರಿ, ಇದು ಕಾಯ್ದೆ ಪಾಲಿಸೋ ಹಡಗಿನ ಲೆಕ್ಕಾ!

‘ಆ ನಡುಗಡ್ಡಿ ಮಂದಿ ಹೊಟ್ಟಿ ತುಂಬೋದ ಪ್ರವಾಸಿಗರಿಂದ, ನಾವು ಹೋಗದಿದ್ರ ಅವರ ಗತಿ ಏನು?’ ಖರೆ. ಅದಕ್ಕ ನಾ ಹೋಗಬ್ಯಾಡ್ರಿ ಅನ್ನಂಗಿಲ್ಲ, ಕೇಳಿ ಹೋಗ್ರಿ ಅಂತೇನಿ.

‘ಜೀವಮಾನವೆಲ್ಲಾ ದುಡದಾಕಿ ಒಂದು ವಾರ ಸುಮ್ಮನ ಕೂಡಬಾರದೇನು?’ ಕೂಡ್ರಿ, ಧಾರಾಳ ಕೂಡ್ರಿ! ನಿಮ್ಮ ಕೈಯಾಗ ಯಾರೋ ಚಾ ತಂದು ಕೊಡೋದು ನೋಡಿದ್ರ ನನಗ ಎಲ್ಲಾರಿಗಿಂತ ಹೆಚ್ಚು ಖುಷಿ. ಆದ್ರ ಆ ಚಾ ತಾನ ಕುದೀತು ಅನಬ್ಯಾಡ್ರಿ. ಅಡಗಿಮನಿ ಒಳಗಿನ ದುಡಿತ ಯಾರ ಕಣ್ಣಿಗೂ ಬೀಳಂಗಿಲ್ಲ ಅಂತ ನಾವ ಜೀವನವಿಡೀ ಗೊಣಗೇವಿ. ನಮ್ಮ ಕಣ್ಣಿಗೂ ಬೀಳದಿದ್ರ ಇನ್ಯಾರ ಕಣ್ಣಿಗೆ ಬೀಳಬೇಕು?

ಮತ್ತ ಇದು ಪರದೇಶದ ಮಾತು ಅಂತಲೂ ತಿಳೀಬ್ಯಾಡ್ರಿ. ಕಾರವಾರ, ಗೋವಾ, ಮಂಗಳೂರಿನ ಎಷ್ಟೋ ಮನಿ ಹುಡುಗರು ಪ್ರವಾಸಿ ಹಡಗಿನ್ಯಾಗ ಅಡಗಿ ಮಾಡ್ತಾರ, ಹಾಸಿಗಿ ಹಾಸ್ತಾರ. ನಮ್ಮ ಬೀಗರೊಳಗೂ ಅಂಥಾವರು ಇರಬಹುದು. ಹಡಗಿನ ನೌಕರಿಗೆ ಅಂತ ಏಜೆಂಟ್ ಲಕ್ಷಗಟ್ಟಲೆ ಕೇಳಿದ್ರ ಕೊಡಬ್ಯಾಡ್ರಿ, ನೌಕರಿ ಕೊಡಸಲಿಕ್ಕೆ ನಾವಿಕರ ಕಡೆ ರೊಕ್ಕ ತೊಗೊಳ್ಳೋದು ಆ ಒಪ್ಪಂದದ ಪ್ರಕಾರ ತಪ್ಪು. ಲೈಸೆನ್ಸ್ ಇದ್ದ ಏಜೆನ್ಸಿ ಯಾವುವು ಅಂತ ಮುಂಬೈದ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್‌ನವರ ಪಟ್ಟಿ ಅದ, ಅದರಾಗ ನೋಡ್ರಿ.

ಇನ್ನ ನೀವು ಹಡಗು ಬುಕ್ ಮಾಡೋ ಮೊದಲ ಇಷ್ಟು ಕೇಳ್ರಿ. ಹಡಗಿಗೆ ಯಾವ ದೇಶದ ಬಾವುಟ? ಸಿಬ್ಬಂದಿಗೆ ದಿನಾ ಎಷ್ಟು ತಾಸು ಬಿಡುವು? ಬಕ್ಷೀಸು ಕೊಟ್ರ ಅದು ಅವರ ಕೈಗೆ ಹೋಗ್ತದೋ, ಆಫೀಸಿಗೋ? ಮತ್ತ ಯಾವ ತಿಂಗಳು? ಅಟ್ಲಾಂಟಿಕ್ ಕಡೆ ಜೂನ್ 1ರಿಂದ ನವೆಂಬರ್ 30 ಚಂಡಮಾರುತದ ಕಾಲ, ಸೆಪ್ಟೆಂಬರ್ ಸುತ್ತಮುತ್ತ ಅದರ ಅಬ್ಬರ ಹೆಚ್ಚು. ಆವಾಗ ಟಿಕೇಟ್ ಸೋವಿ ಸಿಗೋದು ನಿಮ್ಮ ಮ್ಯಾಲಿನ ಪ್ರೀತಿಗಲ್ಲ. ಬಿರುಗಾಳಿ ಬಂದ್ರ ಹಡಗು ಎಲ್ಲೆ ನಿಂದರಸ್ತೀರಿ, ಅದರಾಗಿನ ಹುಡುಗರು ಎಲ್ಲೆ ಇರ್ತಾರ ಅಂತ ಕೇಳ್ರಿ. ‘ಅದರ ಉಸಾಬರಿ ನಿಮಗ್ಯಾಕ?’ ಅಂದ್ರ ಬ್ಯಾರೆ ಹಡಗು ನೋಡ್ರಿ.

ಕೇಳಲಿಕ್ಕೆ ಸಂಕೋಚ ಬ್ಯಾಡ. ಅರ್ಧಾ ಕಿಲೋ ಬದನಿಕಾಯಿ ತೊಗೊಳ್ಳೋಮುಂದ ಹುಳಾ ಅದನೋ ಇಲ್ಲೋ ಅಂತ ತಿರುಗಿಸಿ ಮುರುಗಿಸಿ ನೋಡೋರು ನಾವು, ಲಕ್ಷ ರೂಪಾಯಿ ರಜಾಕ್ಕ ನಾಲ್ಕು ಪ್ರಶ್ನೆ ಕೇಳಿದ್ರ ಹೆಚ್ಚೇನಲ್ಲ. ಮತ್ತ ಹಡಗು ಹತ್ತಿದ ಮ್ಯಾಲೆ ಊಟದ ಗಂಟಿ ಬಾರಿಸಿದ ಕೂಡಲೆ ಉಣ್ಣಲಿಕ್ಕೆ ಹೋಗ್ರಿ. ಅಡಗಿ ಮಾಡಿದಾಂವ ಲಗೂನ ಕೈ ತೊಳಕೊಳ್ಳಲಿ.