ಅಳಿವೆ ಬಾಗಿಲು ಮತ್ತು ಮಂಜಿಗಳು

ಲಕ್ಷದ್ವೀಪಕ್ಕೆ ಹೊರಡುವ ಮಂಜಿ ಎಂಬ ಮರದ ನೌಕೆಗೆ ಸರಕು ತುಂಬುವುದನ್ನು ಮಂಗಳೂರಿನ ಹಳೆ ಬಂದರಿನಲ್ಲಿ ನಿಂತು ನೋಡಬೇಕು. ದಡದಿಂದ ನೌಕೆಗೆ ಹಾಸಿದ ಹಲಗೆಯ ಮೇಲೆ ಸಿಮೆಂಟು ಮೂಟೆ ಹೊತ್ತವರು ಒಬ್ಬರ ಹಿಂದೊಬ್ಬರು ನಡೆಯುತ್ತಾರೆ. ಜಲ್ಲಿ, ಸಿಮೆಂಟು ಅಡಿಗೆ. ಅಕ್ಕಿ, ಈರುಳ್ಳಿ, ತರಕಾರಿ ಮೇಲಕ್ಕೆ. ನೌಕೆ ನಡೆಸುವ ತಾಂಡೇಲನ ಕಣ್ಣು ಅದರ ಮಗ್ಗುಲಿಗೆ ತಾಗಿದ ನೀರಿನ ಮಟ್ಟದ ಮೇಲಿರುತ್ತದೆ. ಭಾರ ಒಂದು ಕಡೆಗೆ ವಾಲಿದರೆ ಅಳಿವೆಯ ಅಲೆಗಳಲ್ಲೇ ಅಪಾಯ ಕಾದಿರುತ್ತದೆ.

ನೇತ್ರಾವತಿ, ಫಲ್ಗುಣಿ ನದಿಗಳೆರಡೂ ಕಡಲು ಸೇರುವುದು ಒಂದೇ ಅಳಿವೆಯಲ್ಲಿ. ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲಿ ಮರಳಿನ ದಿಣ್ಣೆ ಬೆಳೆದಿರುತ್ತದೆ. ಈ ಬಂದರಿನ ಏಳುಬೀಳನ್ನು ನಿರ್ಧರಿಸಿದ್ದು ಈ ಅಳಿವೆಯ ಆಳವೇ. 12ನೇ ಶತಮಾನದಲ್ಲಿ ಟ್ಯುನೀಷಿಯ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಇಲ್ಲಿ ನೆಲೆಸಿ ಏಡನ್ನಿನೊಂದಿಗೆ ವ್ಯಾಪಾರ ನಡೆಸಿದ. ಅವನ ಸರಕಿನೊಂದಿಗೆ ಏಡನ್‌ವರೆಗೆ ಹೋಗಿಬಂದ ಬೊಮ್ಮ ಎಂಬ ಆಳಿನ ಹೆಸರು ಕೈರೋದಲ್ಲಿ ಸಿಕ್ಕ ಹಳೆಯ ಕಾಗದಗಳಲ್ಲಿ ಉಳಿದಿದೆ. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ ಪರ್ಷಿಯಾ, ಯೆಮನ್ ವರ್ತಕರು ಇಲ್ಲಿಗೆ ಬರುತ್ತಿದ್ದುದನ್ನು ಬರೆದಿಟ್ಟ. ಮುಂದೆ ಉಗಿಹಡಗುಗಳ ಕಾಲ ಬಂದಾಗ ಅಳಿವೆಯ ಆಳ ಸಾಲದೆ ಅವು ಹೊರಗಡಲಲ್ಲೇ ಲಂಗರು ಹಾಕಿದವು. ಸರಕನ್ನು ದಡಕ್ಕೆ ಮುಟ್ಟಿಸಿದ್ದು ಸಣ್ಣ ದೋಣಿಗಳು. 1970ರ ದಶಕದಲ್ಲಿ ಪಣಂಬೂರಿನಲ್ಲಿ ಸರ್ವಋತು ಬಂದರು ಸಿದ್ಧವಾದ ಮೇಲೆ ದೊಡ್ಡ ಹಡಗುಗಳು ಅತ್ತ ಹೋದವು.

ಹಳೆ ಬಂದರು ಮಾತ್ರ ಕೆಲಸ ನಿಲ್ಲಿಸಲಿಲ್ಲ. ಲಕ್ಷದ್ವೀಪದ ಅಮಿನಿ, ಕಡ್ಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದವರು ತೆಂಗಿನ ನಾರು ತಂದು ಅಕ್ಕಿ ಒಯ್ಯುತ್ತಿದ್ದ ಕಾಲವೊಂದಿತ್ತು. ಜಿಲ್ಲೆಯ ಗಡಿ ಬದಲಾದರೂ ನಂಟು ಕಡಿಯಲಿಲ್ಲ. ಇಂದಿಗೂ ಅಲ್ಲಿನ ಎಷ್ಟೋ ಮನೆಗಳ ಗೋಡೆ ಎದ್ದದ್ದು ಇಲ್ಲಿಂದ ಹೋದ ಜಲ್ಲಿ, ಸಿಮೆಂಟಿನಿಂದ. ಇತ್ತ ಬಂದರಿನ ಧಕ್ಕೆಯಲ್ಲಿ ಮೀನಿನ ಬೋಟುಗಳು ಒತ್ತೊತ್ತಾಗಿ ನಿಲ್ಲುತ್ತವೆ, ನದಿಯಾಚೆಯ ಬೆಂಗ್ರೆಯ ಜನ ಪೇಟೆಗೆ ಬರಲು ದೋಣಿ ಹತ್ತುತ್ತಾರೆ.

ನದಿದಂಡೆಯನ್ನು ಚಂದಗಾಣಿಸುವ ಯೋಜನೆಗಳು ಬರಲಿ, ತಪ್ಪಿಲ್ಲ. ಆದರೆ ಪರಂಪರೆ ಉಳಿಸುವ ಮಾತಾಡುವವರು ಮೊದಲು ಅಳಿವೆಯ ಹೂಳಿನ ಬಗ್ಗೆ ಮಾತಾಡಬೇಕು. ಮೇ ಮಧ್ಯಭಾಗದಿಂದ ಸೆಪ್ಟೆಂಬರ್ 15ರವರೆಗೆ ಮಂಜಿಗಳು ಕಡಲಿಗಿಳಿಯುವುದಿಲ್ಲ. ಮತ್ತೆ ಹೊರಡುವ ಹೊತ್ತಿಗೆ ದಾರಿಯ ಆಳ ಅಳೆದು ಮರಳು ತೆಗೆಯುವುದು ವರ್ಷವೂ ತಪ್ಪದ ಕೆಲಸವಾಗಬೇಕು. ದಿಣ್ಣೆ ಎತ್ತ ಸರಿದಿದೆ, ಎಷ್ಟು ಭರತಕ್ಕೆ ಹೊರಡಬೇಕು ಎಂಬುದು ತಾಂಡೇಲರಿಗೆ ಬಾಯಿಪಾಠ. ಆ ತಿಳಿವಳಿಕೆಯನ್ನು ಬರೆದಿಡಲು ನಮ್ಮ ವಿಶ್ವವಿದ್ಯಾಲಯಗಳು ಇನ್ನು ತಡಮಾಡಬಾರದು. ಬೊಮ್ಮನಂಥವರು ಒಬ್ಬ ವರ್ತಕನ ಕಾಗದದ ಮೂಲಕವಷ್ಟೇ ನಮಗೆ ದಕ್ಕಿದರು. ಇಂದಿನ ತಾಂಡೇಲರ ಮಾತನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ ಅವಕಾಶ ನಮಗಿದೆ.