ಇಪ್ಪತ್ತೈದನೇ ವಾರದ ಪವಾಡ, ನಾಲ್ಕನೇ ವಾರದ ಮರೆವು

ಹೊಟ್ಟೆಯೊಳಗಿರುವ ಮಗುವಿಗೇ ಆಪರೇಷನ್ ಮಾಡಿ ಬೆನ್ನುಹುರಿ ಮುಚ್ಚುತ್ತಾರಂತೆ! ಇಂಥ ಸುದ್ದಿ ಬಂದಾಗಲೆಲ್ಲ ಒಂದು ಬೇಡಿಕೆಯೂ ಏಳುತ್ತದೆ: ಸರ್ಕಾರ ಇದನ್ನು ಬೆಂಗಳೂರಿನ ತನ್ನ ಆಸ್ಪತ್ರೆಗಳಿಗೆ ತರಲಿ, ಆಯುಷ್ಮಾನ್ ಕಾರ್ಡಿಗೆ ಸೇರಿಸಲಿ. ತರಲಿ, ನನ್ನ ಅಡ್ಡಿಯಿಲ್ಲ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಬಡ ಬಸುರಿಯರ ಹೆಸರು ಹೇಳಿ ಕೇಳುವುದಾದರೆ, ಮೊದಲು ಕೇಳಬೇಕಾದ್ದು ಇದಲ್ಲ.

ಆ ಆಪರೇಷನ್ ಸ್ಪೈನಾ ಬೈಫಿಡಾ ಎಂಬ ನ್ಯೂನತೆಗೆ. ಹಾಗೆಂದರೆ ಮಗುವಿನ ಬೆನ್ನೆಲುಬಿನ ಕಾಲುವೆ ಪೂರ್ತಿ ಮುಚ್ಚದೆ ನರಗಳು ಹೊರಗೆ ಬೀಳುವುದು. ಊರಲ್ಲಿ 'ಬೆನ್ನ ಮೇಲೆ ಗೆಡ್ಡೆ' ಎನ್ನುತ್ತಾರೆ. ಕಾಲಿಗೆ ಬಲವಿಲ್ಲ, ಮೂತ್ರ-ಮಲದ ಹಿಡಿತವಿಲ್ಲ, ಬಹಳ ಮಕ್ಕಳಿಗೆ ತಲೆಯಲ್ಲಿ ನೀರು ತುಂಬುತ್ತದೆ. ಗ್ರಹಣದಲ್ಲಿ ಹೊರಗೆ ಬಂದಳು ಎಂದು ತಾಯಿಯ ತಲೆಗೆ ಕಟ್ಟುವುದೂ ಉಂಟು.

ಗರ್ಭದಲ್ಲೇ ಮಾಡುವ ಶಸ್ತ್ರಚಿಕಿತ್ಸೆಯ ಬಗ್ಗೆ ಗಟ್ಟಿ ಪುರಾವೆ ಸಿಕ್ಕಿದ್ದು 2011ರಲ್ಲಿ, ಅಮೆರಿಕದ 'ಮಾಮ್ಸ್' ಅಧ್ಯಯನದಿಂದ. 26 ವಾರ ತುಂಬುವ ಮುನ್ನ ಆಪರೇಷನ್ ಆದ ಮಕ್ಕಳನ್ನು, ಹುಟ್ಟಿದ ಮೇಲೆ ಆಪರೇಷನ್ ಆದ ಮಕ್ಕಳ ಜೊತೆ ಹೋಲಿಸಿ ನೋಡಿದರು. ಒಂದು ವರ್ಷದೊಳಗೆ ತಲೆಯ ನೀರು ಇಳಿಸಲು ಶಂಟ್ ಎಂಬ ನಳಿಕೆ ಹಾಕಬೇಕಾದ ಮಕ್ಕಳು ಎರಡನೇ ಗುಂಪಿನಲ್ಲಿ ನೂರಕ್ಕೆ 82, ಮೊದಲನೆಯದರಲ್ಲಿ 40. ಎರಡೂವರೆ ವರ್ಷಕ್ಕೆ ಆಸರೆಯಿಲ್ಲದೆ ನಡೆದವರು 21ರ ಬದಲು 42. ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನೂರರಲ್ಲಿ 58 ಮಕ್ಕಳು ಆ ವಯಸ್ಸಿಗೆ ಆಸರೆಯಿಲ್ಲದೆ ನಡೆಯಲಿಲ್ಲ ಎಂಬುದೂ ಅದೇ ಲೆಕ್ಕದಲ್ಲಿದೆ. ಗರ್ಭದಲ್ಲಿ ಆಪರೇಷನ್ ಆದ ಮಕ್ಕಳು ಸರಾಸರಿ 34ನೇ ವಾರಕ್ಕೇ ಹುಟ್ಟಿಬಿಟ್ಟರು. ತಾಯಂದಿರಲ್ಲಿ ಸುಮಾರು ಮೂರನೇ ಒಂದು ಪಾಲಿನವರ ಗರ್ಭಕೋಶದ ಹೊಲಿಗೆ ಹೆರಿಗೆಯ ಹೊತ್ತಿಗೆ ತೆಳುವಾಗಿತ್ತು, ಇಲ್ಲವೇ ಬಿಟ್ಟುಕೊಂಡಿತ್ತು. ಮುಂದಿನ ಹೆರಿಗೆಗಳೂ ಸಿಸೇರಿಯನ್ನೇ, ಅದೂ ಅಪಾಯ ಹೊತ್ತುಕೊಂಡೇ. ಅದೇ ಮಕ್ಕಳನ್ನು ಶಾಲೆಯ ವಯಸ್ಸಿನಲ್ಲಿ ಮತ್ತೆ ನೋಡಿದಾಗ ಶಂಟ್ ಇದ್ದವರು ಇನ್ನೊಂದು ಗುಂಪಿಗಿಂತ ಕಡಿಮೆಯೇ. ದಿನದ ಕೆಲಸಗಳನ್ನು ತಾವೇ ಮಾಡಿಕೊಳ್ಳುವುದರಲ್ಲಿ ಮಾತ್ರ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಮೂತ್ರಕ್ಕೆ ಕ್ಯಾತಿಟರ್ ಹಾಕಿಕೊಳ್ಳಲೇಬೇಕಿತ್ತು. ಇದು ಒಳ್ಳೆಯ ಚಿಕಿತ್ಸೆ. ಪವಾಡ ಅಲ್ಲ.

ಈ ಫಲಿತಾಂಶ ಬಂದ ಕಡೆ 20ನೇ ವಾರದ ಹೊತ್ತಿಗೆ ಸ್ಕ್ಯಾನ್ ಆಗಿತ್ತು, ಆಪರೇಷನ್ ಆದ ತಾಯಿ ಹೆರಿಗೆಯವರೆಗೆ ಆಸ್ಪತ್ರೆಯ ಹತ್ತಿರವೇ ಉಳಿದಳು, ಮಗುವನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿಕೊಂಡರು. ಹುಳಿಯಾರಿನ ಪಕ್ಕದ ಒಂದು ತೋಟದ ಮನೆಯ ಹೆಣ್ಣುಮಗಳು ಕೈಗೂಸನ್ನು ಅವರಿವರ ಬಳಿ ಬಿಟ್ಟು ಮೂರು ತಿಂಗಳು ಬೆಂಗಳೂರಿನಲ್ಲಿ ರೂಮು ಮಾಡಿಕೊಂಡಿರಬೇಕೆ? ಸ್ಕ್ಯಾನ್ ತಡವಾದರೆ ಆಪರೇಷನ್ನಿನ ಮಾತು ಹಾಗಿರಲಿ, ಗರ್ಭ ಉಳಿಸಿಕೊಳ್ಳಬೇಕೋ ಬೇಡವೋ ಎಂದು ಯೋಚಿಸುವ ಅವಕಾಶವೂ ಕೈಜಾರುತ್ತದೆ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ 24 ವಾರ ದಾಟಿದ ಮೇಲೆ ಮೆಡಿಕಲ್ ಬೋರ್ಡಿನ ಬಾಗಿಲು ಬಡಿಯಬೇಕು.

ಹಾಗಾದರೆ ನಿಜವಾದ ಕೆಲಸ ಎಲ್ಲಿದೆ? ನಾಲ್ಕನೇ ವಾರದಲ್ಲಿ. ಗರ್ಭ ಕಟ್ಟಿ 28 ದಿನದೊಳಗೆ ಮಗುವಿನ ಬೆನ್ನುಹುರಿಯಾಗುವ ಕೊಳವೆ ಮುಚ್ಚಿಕೊಳ್ಳಬೇಕು. ಆ ಹೊತ್ತಿಗೆ ಬಹಳ ಹೆಂಗಸರಿಗೆ ಬಸುರಾದದ್ದೇ ಗೊತ್ತಾಗಿರುವುದಿಲ್ಲ. ಆಶಾ ಕಾರ್ಯಕರ್ತೆ ಬಂದು ತಾಯಿ ಕಾರ್ಡ್ ಮಾಡಿಸಿ ಮಾತ್ರೆ ಕೊಡುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿರುತ್ತದೆ. ಮೊದಲ ಮಗುವಿಗೆ ಈ ತೊಂದರೆಯಿದ್ದ ತಾಯಂದಿರು ಗರ್ಭ ಧರಿಸುವ ಮೊದಲಿನಿಂದ ಫೋಲಿಕ್ ಆಸಿಡ್ ತೆಗೆದುಕೊಂಡರೆ ಅದು ಮರುಕಳಿಸುವುದು ನೂರಕ್ಕೆ 72ರಷ್ಟು ತಗ್ಗುತ್ತದೆಂದು ಬ್ರಿಟನ್ನಿನ ಸಂಶೋಧನೆ ತೋರಿಸಿದ್ದು 1991ರಲ್ಲಿ. ಅಮೆರಿಕ 1998ರಿಂದ ಹಿಟ್ಟಿಗೇ ಬೆರೆಸುತ್ತಿದೆ. ಗರ್ಭಕ್ಕೆ ಮೊದಲು ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಳ್ಳಬೇಕೆಂದು ನಮ್ಮ 'ಅನೀಮಿಯಾ ಮುಕ್ತ ಭಾರತ'ದ ಕಾಗದವೂ ಹೇಳುತ್ತದೆ. ಕಾಗದ ಹೇಳುತ್ತದೆ, ಅಷ್ಟೆ.

ರೇಷನ್ ಅಕ್ಕಿಗೆ ಬೆರೆಸಿದ್ದೇವಲ್ಲ ಎಂದು ಅಧಿಕಾರಿಗಳು ಹೇಳಿಯಾರು. ಜನ 'ಪ್ಲಾಸ್ಟಿಕ್ ಅಕ್ಕಿ' ಎಂದು ಆರಿಸಿ ಎಸೆಯುವ ಕಾಳು ಅದೇ: ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಮಾಡಿದ್ದು. ಎಸೆಯಬೇಡಿ. ಆದರೆ ಲೆಕ್ಕ ಹಾಕಿ. ಕೆ.ಜಿ. ಅಕ್ಕಿಯಲ್ಲಿ ಇರಬೇಕಾದ ಫೋಲಿಕ್ ಆಸಿಡ್ 75ರಿಂದ 125 ಮೈಕ್ರೋಗ್ರಾಂ. ತಿಂಗಳಿಗೆ ತಲಾ 10 ಕೆ.ಜಿ. ಸಿಕ್ಕಿ, ಒಂದಗುಳೂ ಬಿಡದೆ ಉಂಡರೂ ಹೆಚ್ಚೆಂದರೆ 1,250. ಅಂದರೆ ಮೂರು ದಿನದ ಅಗತ್ಯ! ಅಮೆರಿಕದ ಹಿಟ್ಟಿನಲ್ಲಿ ಕೆ.ಜಿ.ಗೆ 1,400 ಇರುತ್ತದೆ. ಮುದ್ದೆ ಉಣ್ಣುವ ನಮ್ಮ ಸೀಮೆಗೆ ಸಿಗುವ ರಾಗಿಯಲ್ಲಂತೂ ಬೆರೆಸಿದ್ದು ಏನೂ ಇಲ್ಲ.

'ಸೊಪ್ಪು, ಕಾಳು ತಿನ್ನಲಿ, ಮಾತ್ರೆ ಯಾಕೆ' ಎನ್ನುವವರಿಗೂ ಒಂದು ಮಾತು. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವುದು ಜಾಣತನವೇ, ನೀರಿಗಿಳಿದ ಫೋಲೇಟ್ ಸಾರಿಗೆ ಬರುತ್ತದೆ. ಆದರೂ ಕುದಿಯುವಾಗ ಒಂದಿಷ್ಟು ಹಾಳಾಗುತ್ತದೆ, ಉಳಿದದ್ದು ಮಾತ್ರೆಯದರಷ್ಟು ಮೈಗೆ ಹತ್ತುವುದಿಲ್ಲ. ಊಟ ಬೇಕು, ಮಾತ್ರೆಯೂ ಬೇಕು.

ಹುಟ್ಟಿದ ಮಗುವಿನ ಪಾಡೇನು? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ನ್ಯೂನತೆಗೇ ಮೊದಲ ಸ್ಥಾನ. ಪಟ್ಟಿಗೆ ಸೇರಿದ ಮಾತ್ರಕ್ಕೆ ಕ್ಯಾತಿಟರ್ ಬರುವುದಿಲ್ಲ. ದಿನಕ್ಕೆ ನಾಲ್ಕೈದು ಸಲ ಅದನ್ನು ಹಾಕಲು ತಾಯಿಗೆ ಕಲಿಸಬೇಕು, ಸಾಮಾನು ತಾಲ್ಲೂಕು ಆಸ್ಪತ್ರೆಯಲ್ಲಿ ಬಿಟ್ಟಿ ಸಿಗಬೇಕು, ಶಾಲೆಯಲ್ಲಿ ಬಾಗಿಲಿರುವ ಒಂದು ಕೋಣೆ ಇರಬೇಕು. ಇಷ್ಟಿಲ್ಲದಿದ್ದರೆ ಮೂತ್ರಪಿಂಡ ಕೆಡುತ್ತದೆ. ಆಗ ಆಪರೇಷನ್ ಎಲ್ಲಿ ಮಾಡಿದ್ದರೂ ಒಂದೇ.

ಕೊಬ್ಬರಿಗೆ ಬೆಂಬಲ ಬೆಲೆ, ನಾಫೆಡ್ ಖರೀದಿ ಕೇಂದ್ರ ಎಂದರೆ ಬೀದಿಗಿಳಿಯುವ ಸೀಮೆ ನಮ್ಮದು. ಅದೇ ಹುರುಪಿನಲ್ಲಿ ಮೂರೂ ತಾಲ್ಲೂಕಿನ ಶಾಸಕರು ವಿಧಾನಸಭೆಯಲ್ಲಿ ಒಂದು ಪ್ರಶ್ನೆ ಕೇಳಲಿ: ನಮ್ಮ ತಾಲ್ಲೂಕಿನ ಎಷ್ಟು ಬಸುರಿಯರಿಗೆ 20 ವಾರದೊಳಗೆ ಸ್ಕ್ಯಾನ್ ಆಗಿದೆ, ಎಷ್ಟು ನವವಧುಗಳಿಗೆ ಗರ್ಭಕ್ಕೆ ಮೊದಲೇ ಫೋಲಿಕ್ ಆಸಿಡ್ ತಲುಪಿದೆ? ಉತ್ತರ ಬರುವವರೆಗೆ ಕಾಯಬೇಡಿ. ಮನೆಯಲ್ಲಿ ಮಗಳ ಮದುವೆ ಗೊತ್ತಾಗಿದ್ದರೆ ಮಾತ್ರೆ ಈಗಲೇ ಶುರುವಾಗಲಿ. ಹಿಂದೆ ಇಂಥ ಮಗು ಹುಟ್ಟಿದ್ದರೆ, ಅಥವಾ ಗರ್ಭ ಧರಿಸಲಿರುವವಳು ಮೂರ್ಛೆರೋಗಕ್ಕೆ ವಾಲ್‌ಪ್ರೊಯೇಟ್ ನುಂಗುತ್ತಿದ್ದರೆ, ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸದೆ, ಗರ್ಭ ನಿಲ್ಲುವ ಮೊದಲೇ ಡಾಕ್ಟರನ್ನು ಕಾಣಿ.